ಕಿರುಚದ ಬೇರು

ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳು ಬೀಳುವ ಮೂಲೆಯಲ್ಲಿ, ಎತ್ತರದ ಸಿಮೆಂಟ್ ಕುಂಡವೊಂದು ಈಗಲೂ ಇದೆ. ಒಳಗೆ ಬರೀ ಮಣ್ಣು. ಅದರಲ್ಲಿ ಮೂರು ಚಳಿಗಾಲ ನಾನು ಮಾಂಡ್ರೇಕ್ ಎಂಬ ಗಿಡವನ್ನು ಬೆಳೆಸಿದೆ. ಆಮೇಲೆ ಅದು ಸತ್ತಿತು. ಅದು ಸಾಯುತ್ತಿದೆ ಎಂದು ಗೊತ್ತಿದ್ದವನು ಮನೆಯಲ್ಲಿ ನಾನೊಬ್ಬನೇ, ಆದರೂ ಸುಮ್ಮನೆ ನೋಡುತ್ತ ನಿಂತಿದ್ದೆ.

ಸುಮ್ಮನಿರುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಒಂದು ಕನ್ನಡಕದ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗಿರಾಕಿ ಆರಿಸಿದ ಫ್ರೇಮು ಅವರ ಮುಖಕ್ಕೆ ಒಪ್ಪದಿದ್ದರೂ ಚೆನ್ನಾಗಿದೆ ಅನ್ನುತ್ತೇನೆ. ಜಗಳವಾಡಿದ ನೆನಪಿಲ್ಲ. ಅಕ್ಕಪಕ್ಕದವರು ನನ್ನನ್ನು ಒಳ್ಳೆಯವನು ಎನ್ನುತ್ತಾರೆ.

ನಾವು ಜರಗನಹಳ್ಳಿಯವರೇ. ಹೊಲವಿದ್ದ ಕಡೆ ಈಗ ಸೈಟುಗಳು, ಅಪಾರ್ಟ್‌ಮೆಂಟುಗಳು. ನಮಗೆ ಉಳಿದದ್ದು ಒಂದು ಮನೆ. ಮೇಲಿನ ಎರಡು ಅಂತಸ್ತು ಬಾಡಿಗೆಗೆ, ಕೆಳಗೆ ನಾನು, ಹೆಂಡತಿ, ಅಮ್ಮ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಹೆಂಡತಿ ಜೆ.ಪಿ. ನಗರದ ಒಂದು ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಾಳೆ. ದಿನವಿಡೀ ಮೂವತ್ತು ಮಕ್ಕಳ ಮೂಗು ಒರೆಸಿ ಮನೆಗೆ ಬರುತ್ತಾಳೆ. ನಮಗೆ ಮಕ್ಕಳಿಲ್ಲ.

ಮದುವೆಯಾಗಿ ನಾಲ್ಕನೆಯ ವರ್ಷ ಜಯನಗರದ ಒಂದು ಕ್ಲಿನಿಕ್ಕಿಗೆ ಹೋದೆವು. ಫೈಲು ತೆರೆದದ್ದು ಅವಳ ಹೆಸರಿನಲ್ಲಿ, ಮೊದಲ ಪುಟಕ್ಕೆ ಪಿನ್ನು ಹೊಡೆದದ್ದು ಅವಳ ಫೋಟೋ. ಅಲ್ಲಿ ಹಾಗೇ ಪದ್ಧತಿ, ತೊಂದರೆ ಯಾರದ್ದೆಂದು ತಿಳಿಯುವ ಮೊದಲೇ ಫೈಲು ಹೆಂಗಸಿನದ್ದಾಗಿರುತ್ತದೆ. ಅವಳಿಗೆ ಆರು ಪರೀಕ್ಷೆ ಆಯಿತು, ನನಗೆ ಒಂದೇ. ನಂಬಿಕೆ ಬಾರದೆ ಅದನ್ನೇ ಮತ್ತೊಮ್ಮೆ ಮಾಡಿಸಿದೆ. ಡಾಕ್ಟರಮ್ಮ ಕಾಗದದ ಮೇಲೆ ಪೆನ್ನಿಟ್ಟು ತಣ್ಣಗೆ ಹೇಳಿದರು: "ನಿಮ್ಮ ಮಿಸೆಸ್‌ಗೆ ಏನೂ ತೊಂದ್ರೆ ಇಲ್ಲ. ಪ್ರಾಬ್ಲಂ ನಿಮ್ಮಲ್ಲಿದೆ. ಔಷಧಿಯಿಂದ ಸರಿಹೋಗೋದಲ್ಲ." ಬೇರೆ ದಾರಿಗಳಿವೆ ಎಂದು ಎರಡು ಮೂರು ಹೇಳಿದರು. ಯೋಚನೆ ಮಾಡ್ತೀವಿ ಎಂದೆ. ಆ ಯೋಚನೆ ಇನ್ನೂ ಮುಗಿದಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ಹೆಂಡತಿ ನನ್ನ ಕೈ ಹಿಡಿದುಕೊಂಡಿದ್ದಳು. ಬನಶಂಕರಿ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದಳು: "ಅತ್ತೆಗೆ ಈಗ್ಲೇ ಏನೂ ಹೇಳೋದು ಬೇಡ ರೀ. ನಿಮಗೆ ಯಾವಾಗ ಹೇಳ್ಬೇಕು ಅನ್ಸುತ್ತೋ ಆವಾಗ ಹೇಳಿ. ನಾನಂತೂ ಹೇಳಲ್ಲ." ನನ್ನ ಮೇಲಿನ ಕರುಣೆಯಿಂದ ಆಡಿದ ಮಾತದು. ಕೆಲವು ದಿನ, ಹೆಚ್ಚೆಂದರೆ ಒಂದೆರಡು ತಿಂಗಳು ಎಂದು ಅವಳು ಅಂದುಕೊಂಡಿರಬೇಕು. ನಾನು ಏಳು ವರ್ಷ ತೆಗೆದುಕೊಂಡೆ.

ಆ ಏಳು ವರ್ಷ ಅಮ್ಮ ಅವಳನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಬಾಯಿ ಬರುತ್ತಿತ್ತೇನೋ. ಅಮ್ಮ ಅವಳನ್ನು ನೋಡಿಕೊಂಡಳು. ಯಾರೋ ಹೇಳಿದ ಕಷಾಯ ಕಾಯಿಸಿ ಬೆಳಿಗ್ಗೆ ಬೆಳಿಗ್ಗೆ ಲೋಟ ಹಿಡಿದು ಎದುರಿಗೆ ನಿಂತಳು. ಊರೂರಿನ ದೇವರಿಗೆ ಹರಕೆ ಕಟ್ಟಿಸಿದಳು. ನನ್ನ ತಂಗಿಯ ಸೀಮಂತದ ದಿನ ಎಲ್ಲ ಮುತ್ತೈದೆಯರೂ ಸಾಲಾಗಿ ಹೋಗಿ ಬಳೆ ತೊಡಿಸಿದರು, ಮಡಿಲಿಗೆ ಹಣ್ಣು ಹಾಕಿದರು. ನನ್ನ ಹೆಂಡತಿಯ ಸರದಿ ಬಂದಾಗ ಅಮ್ಮ ಮೆಲ್ಲಗೆ, "ಒಳಗೆ ಕೋಸಂಬ್ರಿಗೆ ಒಗ್ಗರಣೆ ಆಕ್ಬುಡವ್ವ" ಎಂದಳು. ಇವಳು ಹೋಗಿ ಒಗ್ಗರಣೆ ಹಾಕಿದಳು. ನಾನು ಬಾಗಿಲಲ್ಲಿ ನಿಂತು ಬಂದವರಿಗೆ ಪಾನಕ ಕೊಡುತ್ತಿದ್ದೆ.

ಮಾಂಡ್ರೇಕಿನ ಬೀಜ ನನಗೆ ಸಿಕ್ಕಿದ್ದು ಒಬ್ಬ ಮೇಷ್ಟ್ರಿಂದ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದವರು. ತಿಂಗಳಿಗೊಮ್ಮೆ ಕನ್ನಡಕದ ಮೇಲೆ ಕೂತು ಅದರ ಕಡ್ಡಿ ಮುರಿದುಕೊಂಡು ಅಂಗಡಿಗೆ ಬರುತ್ತಿದ್ದರು. ನಾನು ಸ್ಕ್ರೂ ಬಿಗಿಯುವಷ್ಟು ಹೊತ್ತು ಯಾವುದಾದರೂ ಗಿಡದ ಕಥೆ ಹೇಳುತ್ತಿದ್ದರು. ಒಂದು ದಿನ ಸಣ್ಣ ಪೊಟ್ಟಣ ಕೊಟ್ಟರು. ಒಳಗೆ ಎಂಟು ಬೀಜ, ಬದನೆ ಬೀಜಕ್ಕಿಂತ ಸ್ವಲ್ಪ ದಪ್ಪ. ಹೊರದೇಶದಿಂದ ಯಾರೋ ಶಿಷ್ಯ ಕಳಿಸಿದ್ದಂತೆ. "ನನ್ ಕೈ ನಡುಗುತ್ತೆ, ನೀವು ಹಾಕಿ ನೋಡಿ" ಎಂದರು.

ಆ ಗಿಡದ ಬೇರು ಕವಲೊಡೆದು ಎರಡು ಕಾಲು, ಎರಡು ಕೈ ಇರುವ ಮನುಷ್ಯನ ಆಕಾರ ತಾಳುತ್ತದಂತೆ. ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದರೆ ಬಂಜೆಗೂ ಮಕ್ಕಳಾಗುತ್ತವೆ ಎಂದು ಎಷ್ಟೋ ದೇಶದಲ್ಲಿ ನಂಬಿದ್ದರಂತೆ. ನಮ್ಮ ಹಳೆಯ ವೈದ್ಯದಲ್ಲಿ ಸಂತಾನಕ್ಕೆಂದು ಹೇಳಿರುವ ಲಕ್ಷ್ಮಣಾ ಎಂಬ ಮೂಲಿಕೆಯೂ ಇದೇ ಎಂದು ಕೆಲವರು, ಅಲ್ಲವೇ ಅಲ್ಲ ಎಂದು ಕೆಲವರು. ಆದರೆ ಕೀಳುವುದು ಸುಲಭವಲ್ಲ. ಮಣ್ಣಿನಿಂದ ಎಳೆದಾಗ ಆ ಬೇರು ಕಿರುಚುತ್ತದೆ, ಕಿರುಚಿದ್ದನ್ನು ಕೇಳಿದವರು ಅಲ್ಲೇ ಸಾಯುತ್ತಾರೆ. "ಅದಕ್ಕೆ ಜನ ಏನ್ ಮಾಡ್ತಿದ್ರು ಗೊತ್ತಾ? ಒಂದು ನಾಯೀನ ಹಗ್ಗದಲ್ಲಿ ಗಿಡಕ್ಕೆ ಕಟ್ಟೋದು. ತಾವು ಕಿವಿ ಮುಚ್ಕೊಂಡು ದೂರ ನಿಂತು ಮಾಂಸದ ತುಂಡು ಎಸೆಯೋದು. ನಾಯಿ ಓಡುತ್ತೆ, ಬೇರು ಕಿತ್ತು ಬರುತ್ತೆ, ನಾಯಿ ಸಾಯುತ್ತೆ. ಆಮೇಲೆ ಇವರು ಹೋಗಿ ಬೇರು ಎತ್ಕೊಳ್ಳೋದು." ಮೇಷ್ಟ್ರು ನಕ್ಕರು, ನಾನೂ ನಕ್ಕೆ.

ಮನೆಗೆ ಬಂದು ಹೆಂಡತಿಗೂ ಈ ಕಥೆ ಹೇಳಿದೆ. ಅವಳು ಮಕ್ಕಳ ಪುಸ್ತಕ ತಿದ್ದುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಆ ನಾಯಿಗೆ ಗೊತ್ತಿತ್ತಾ?"

"ಏನು?"

"ತಾನು ಸಾಯ್ತೀನಿ ಅಂತ."

ಕಥೆಯಲ್ಲಿ ಅದೆಲ್ಲ ಇಲ್ಲ ಎಂದೆ.

ಬೀಜಗಳಿಗೆ ಚಳಿಗಾಲ ಕಾಣಿಸಬೇಕು, ಇಲ್ಲದಿದ್ದರೆ ಮೊಳೆಯುವುದಿಲ್ಲ. ಬೆಂಗಳೂರಿನ ಚಳಿಯನ್ನು ಅವು ಚಳಿ ಎಂದೇ ಒಪ್ಪುವುದಿಲ್ಲ. ಆರನ್ನು ಒದ್ದೆ ಮರಳಿನಲ್ಲಿ ಹಾಕಿ ಡಬ್ಬಿಯಲ್ಲಿ ಮುಚ್ಚಿ, ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಹಿಂದೆ ಇಟ್ಟೆ. ಇನ್ನೆರಡು ಬೀಜ ಪೊಟ್ಟಣದಲ್ಲೇ ಉಳಿದವು. ಐದಾರು ವಾರದ ಮೇಲೆ ಹೊರತೆಗೆದು ಬಿತ್ತಿದೆ. ಎರಡು ಮೊಳೆತವು, ಒಂದನ್ನು ಬಸವನಹುಳು ತಿಂದಿತು. ಉಳಿದ ಒಂದಕ್ಕೆ ಸಿದ್ದಾಪುರದ ನರ್ಸರಿಯಿಂದ ಸೊಂಟದೆತ್ತರದ ಕುಂಡ ತಂದೆ. ಬೇರು ಆಳಕ್ಕೆ ಇಳಿಯಬೇಕು, ಮಧ್ಯೆ ತಳ ತಗಲಬಾರದು. ಅರ್ಧ ಮರಳು, ಅರ್ಧ ಕೆಮ್ಮಣ್ಣು.

ಅದೊಂದು ವಿಚಿತ್ರ ಗಿಡ. ಕಾಂಡವೇ ಇಲ್ಲ. ನೆಲಕ್ಕೆ ಒರಗಿ ಸುತ್ತಲೂ ಹರಡುವ ಸುಕ್ಕುಸುಕ್ಕಾದ ಎಲೆಗಳು, ನೋಡಿದರೆ ಪಾಲಕ್ ಸೊಪ್ಪಿನ ದೊಡ್ಡ ಅಣ್ಣ. ಚಳಿಗಾಲದಲ್ಲಿ ಬೆಳೆಯುತ್ತದೆ. ಬಿಸಿಲು ಏರುತ್ತಿದ್ದಂತೆ ಎಲೆ ಹಳದಿಯಾಗಿ, ಒಣಗಿ, ಮಾಯವಾಗುತ್ತದೆ. ಸತ್ತಿತೆಂದು ತಿಳಿಯಬಾರದು, ಬೇರು ಮಣ್ಣಿನೊಳಗೆ ಮಲಗಿರುತ್ತದೆ. ಆಗ ನೀರು ಹಾಕಲೇಬಾರದು, ಹಾಕಿದರೆ ಕೊಳೆಯುತ್ತದೆ. ಮೇಷ್ಟ್ರು ಇದೊಂದನ್ನು ಮೂರು ಸಲ ಹೇಳಿದ್ದರು. ಬೇಸಿಗೆಯಿಂದ ಮಳೆ ಮುಗಿಯುವವರೆಗೆ ಕುಂಡಕ್ಕೆ ತಗಡು ಮುಚ್ಚಿಡುತ್ತಿದ್ದೆ. ಚಳಿ ಬಂದಾಗ ಮತ್ತೆ ಎಲೆ ಚಿಗುರುವುದನ್ನು ನೋಡಿದರೆ ಎದೆ ತುಂಬಿ ಬರುತ್ತಿತ್ತು. ಬೇರು ಮನುಷ್ಯನ ಆಕಾರಕ್ಕೆ ಬರುತ್ತಿದೆಯೇ ಎಂದು ಬೆರಳಿನಿಂದ ಮಣ್ಣು ಕೆದಕಬೇಕೆನ್ನಿಸಿ ಕೈ ಹಿಂದೆಗೆದುಕೊಳ್ಳುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಆ ಕಥೆಯನ್ನು ನಂಬಿದ್ದೆ. ಡಾಕ್ಟರಮ್ಮನ ಕಾಗದ ಓದಿದವನೇ ನಂಬಿದ್ದೆ.

ಮೂರನೆಯ ಚಳಿಗಾಲ ಎಲೆಗಳ ನಡುವೆ ನೇರಳೆ ಬಣ್ಣದ ಎರಡು ಹೂ ಬಿಟ್ಟವು. ಬಟ್ಟೆ ಒಣಹಾಕಲು ಬಂದ ಅಮ್ಮ ಮೊದಲ ಸಲ ಕುಂಡದ ಮುಂದೆ ನಿಂತಳು.

"ಇದೇನ್ಲಾ ಮಗ, ತಿನ್ನಾಕಿಲ್ಲ, ಮುಡಿಯಾಕಿಲ್ಲ. ಮಗಾನ ಸಾಕ್ದಂಗೆ ಸಾಕ್ತೀಯಲ್ಲ. ಯಾವ ಸೀಮೆ ಗಿಡ ಇದು?"

ಹೂ ಬಿಟ್ಟ ಖುಷಿಯಲ್ಲಿದ್ದೆ. ಹಳೆ ಕಾಲದಲ್ಲಿ ಇದು ಮಕ್ಕಳಾಗೋಕೆ ಅಂತ ನಂಬ್ತಿದ್ರಮ್ಮ ಎಂದುಬಿಟ್ಟೆ.

ಅಮ್ಮ ಬಟ್ಟೆಯ ಬಕೆಟ್ಟನ್ನು ಕೆಳಗಿಟ್ಟಳು. "ಯಾರ್ಗೆ?"

ಹೇಳಬೇಕಾದದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅಮ್ಮನೇ ಬಾಗಿಲು ತೆರೆದು ನಿಂತಿದ್ದಳು. ನಾನು, "ಹೆಂಗಸ್ರಿಗೆ" ಎಂದೆ.

ಆ ಕ್ಷಣದಿಂದ ಗಿಡ ನನ್ನದಾಗಿ ಉಳಿಯಲಿಲ್ಲ. ಕುಂಡದ ಮೈಗೆ ಅರಿಶಿನ ಕುಂಕುಮ ಬಂತು. ಅಮ್ಮ ಯಾರನ್ನೋ ಕೇಳಿಕೊಂಡು ಬಂದು, ಶಿವರಾತ್ರಿ ಕಳೆದ ಮೇಲೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಸೊಸೆ ತಲೆಗೆ ನೀರು ಹಾಕಿಕೊಂಡು, ಅರಿಶಿನದ ನೀರನ್ನು ಒಂದು ಚೊಂಬು ಗಿಡಕ್ಕೆ ಎರೆದು ಮೂರು ಸುತ್ತು ಬರಬೇಕೆಂದು ಗೊತ್ತುಮಾಡಿದಳು. ಎಲೆಯನ್ನು ಅರೆದು ಕುಡಿಸುವ ಯೋಚನೆಯೂ ಇತ್ತು. ಅದು ವಿಷ, ಬಾಯಿಗೆ ಹಾಕಿದರೆ ಪ್ರಾಣಕ್ಕೇ ಅಪಾಯ ಎಂದು ಕೂಗಾಡಿ ತಪ್ಪಿಸಿದೆ. ಅಷ್ಟಕ್ಕೆ ನನಗೆ ಬಾಯಿ ಬಂತು.

ಆ ರಾತ್ರಿ ಊಟದ ತಟ್ಟೆ ಎತ್ತುತ್ತ ಹೆಂಡತಿ ಕೇಳಿದಳು: "ಹೇಳ್ತೀರಾ, ಇಲ್ಲ ನಾನು ನೀರು ಹಾಕ್ಲಾ?"

"ಸ್ವಲ್ಪ ದಿನ ಹಾಕು. ನಾನು ಹೇಳ್ತೀನಿ."

"ಬೇಸಿಗೇಲಿ ನೀರು ಹಾಕ್ಬಾರ್ದು ಅಂತಿದ್ರಿ."

"ಅಷ್ಟರಲ್ಲಿ ಹೇಳ್ತೀನಿ."

ಅವಳು ಐದೂವರೆಗೆ ಏಳುತ್ತಿದ್ದಳು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ತಾರಸಿಗೆ ಹೋಗಿ, ನೀರೆರೆದು, ಸುತ್ತು ಬಂದು, ಕೆಳಗಿಳಿದು, ಮೂರು ಡಬ್ಬಿ ಕಟ್ಟಿ, ಕನಕಪುರ ರಸ್ತೆಗೆ ಓಡಿ ಬಸ್ಸು ಹಿಡಿಯುತ್ತಿದ್ದಳು. ಅಮ್ಮ ಮೆಟ್ಟಿಲಲ್ಲಿ ಕೂತು ಮಂಡಿ ತಿಕ್ಕಿಕೊಳ್ಳುತ್ತ ಸುತ್ತು ಎಣಿಸುತ್ತಿದ್ದಳು. ಮೇಲಿನ ಮನೆಯ ಬಾಡಿಗೆಯ ಹೆಂಗಸು ಬಾಗಿಲು ಸ್ವಲ್ಪ ತೆರೆದು ನೋಡುತ್ತಿದ್ದಳು. ಯಾವ ತಪ್ಪೂ ಇಲ್ಲದ ದೇಹ ಅದು, ತಪ್ಪಿಲ್ಲ ಎಂದು ಬರೆದ ಕಾಗದ ನಮ್ಮ ಬೀರುವಿನಲ್ಲಿ ನನ್ನ ಅಂಗಿಗಳ ಕೆಳಗಿತ್ತು. ನಾನು ಹಾಸಿಗೆಯಲ್ಲಿ ಮಲಗಿ ಅವಳು ಮೆಟ್ಟಿಲು ಹತ್ತಿ ಇಳಿಯುವ ಸದ್ದು ಕೇಳುತ್ತಿದ್ದೆ.

ಯುಗಾದಿಯ ಹೊತ್ತಿಗೆ ಎಲೆ ಹಳದಿಯಾಗತೊಡಗಿದವು. ಪ್ರತಿ ವರ್ಷ ಆಗುವಂತೆಯೇ. ತಗಡು ಮುಚ್ಚುವ ಕಾಲ. ಅಮ್ಮನಿಗೆ ಕಂಡದ್ದು ಬೇರೆ.

"ಒಣಗ್ತಾ ಐತೆ ನೋಡು. ನೀರ್ ಸಾಲ್ದು. ಎರಡು ಚೊಂಬು ಆಕವ್ವ."

ಎರಡು ಚೊಂಬಾಯಿತು. ಎಲೆ ಇನ್ನೂ ಸೊರಗಿದವು. ಸಾಯಂಕಾಲವೂ ಒಂದು ಚೊಂಬು ಸೇರಿತು. ಆ ಬೇಸಿಗೆ ನಮ್ಮ ಬೀದಿಗೆ ಟ್ಯಾಂಕರ್ ನೀರು. ಸ್ನಾನಕ್ಕೆ ಅರ್ಧ ಬಕೆಟ್ಟು, ಗಿಡಕ್ಕೆ ಮಾತ್ರ ಧಾರಾಳ. ನೀರು ನಿಲ್ಲಿಸಮ್ಮ ಎಂದರೆ ಯಾಕೆ ಎನ್ನುತ್ತಾಳೆ. ಗಿಡ ಮಲಗುವ ಕಾಲ ಎಂದರೆ, ಮಂಡಲ ಅರ್ಧಕ್ಕೆ ಬಿಟ್ಟರೆ ಕೇಡು ಎನ್ನುತ್ತಾಳೆ. ಮಂಡಲವೇ ಬೇಡ ಎನ್ನಬೇಕಾದರೆ ಬೀರು ತೆಗೆಯಬೇಕು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಏಳುತ್ತಿದ್ದೆ. ದಿನಾ ಹಲ್ಲುಜ್ಜುವಷ್ಟರಲ್ಲಿ ಧೈರ್ಯ ಇಳಿದುಹೋಗುತ್ತಿತ್ತು. ಕುಂಡದ ಮಣ್ಣಿನಿಂದ ಕೊಳೆತ ವಾಸನೆ ಬರತೊಡಗಿತು. ಆ ವಾಸನೆ ನನಗೆ ಮಾತ್ರ ಅರ್ಥವಾಗುತ್ತಿತ್ತು.

ನಲವತ್ತೆಂಟನೆಯ ದಿನ ಕುಂಡದಲ್ಲಿ ಒಂದು ಎಲೆಯೂ ಇರಲಿಲ್ಲ. ತಂಗಿ ಮಗುವನ್ನು ಕರೆದುಕೊಂಡು ಬಂದಿದ್ದಳು. ಅವಳ ಅತ್ತೆಯೂ ಬಂದಿದ್ದರು. ಅಮ್ಮ ಕುಂಡದ ಮುಂದೆ ನಿಂತು ಬೆರಳಿನಿಂದ ಒದ್ದೆ ಮಣ್ಣು ಮುಟ್ಟಿ ನೋಡಿದಳು. ಆಮೇಲೆ ಕೋಪವಿಲ್ಲದೆ, ನಿಜವಾದ ದುಃಖದಿಂದ ಹೇಳಿದಳು: "ಗಿಡನೂ ನಿಲ್ಲಲಿಲ್ಲವಲ್ಲವ್ವ ನಿನ್ನ ಕೈಲಿ."

ಎಲ್ಲರೂ ನನ್ನ ಹೆಂಡತಿಯ ಮುಖ ನೋಡಿದರು. ಅವಳು ನನ್ನ ಮುಖ ನೋಡಿದಳು. ಅಷ್ಟು ಹೊತ್ತು ಅವಳು ನನ್ನನ್ನು ಯಾವತ್ತೂ ನೋಡಿರಲಿಲ್ಲ.

"ನೀರು ಜಾಸ್ತಿ ಆಯ್ತು, ಅಷ್ಟೇ" ಎಂದೆ.

ಅದೇ ದಿನ ಸಂಜೆ ಎಲ್ಲರೂ ಹೋದ ಮೇಲೆ ಅವಳು ತಾರಸಿಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಕುಂಡದೊಳಗೆ ಮೊಣಕೈವರೆಗೆ ಕೈ ಇಳಿಸಿ ಬೇರು ಹಿಡಿದು ಎಳೆದಳು. ಪ್ರತಿರೋಧವೇ ಇರಲಿಲ್ಲ, ಕೆಸರಿನಿಂದ ಜಾರಿ ಬಂತು. ಮೊಳದುದ್ದ ಇತ್ತು. ಕೆಳಗೆ ಕವಲೊಡೆದು ಎರಡು ಕಾಲು, ಪಕ್ಕದಲ್ಲಿ ಕೈಯಂತೆ ಒಂದು ಎಳೆ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ನೋಡುತ್ತಿದ್ದಂತೆ ಒಂದು ಕಾಲು ಕಳಚಿ ಅವಳ ಪಾದದ ಮೇಲೆ ಬಿತ್ತು. ಒಳಗೆಲ್ಲ ಕಪ್ಪಗೆ ಕೊಳೆತಿತ್ತು.

ಅವಳು ಅದನ್ನು ಅಂಗೈ ಮೇಲೆ ಮಲಗಿಸಿಕೊಂಡಳು.

"ಕಿರುಚಲೇ ಇಲ್ವಲ್ರೀ," ಎಂದಳು. "ಸುಮ್ನೆ ಬಂತು. ನಿಮ್ ಥರಾನೇ."

ಬೇರನ್ನು ಹಳೆಯ ಪೇಪರಿನಲ್ಲಿ ಸುತ್ತಿ ಹಸಿ ಕಸದ ಬಕೆಟ್ಟಿಗೆ ಹಾಕಿದಳು. ಕೈ ತೊಳೆದುಕೊಂಡು ಅನ್ನಕ್ಕಿಟ್ಟಳು. ನಾಯಿಯ ಬಗ್ಗೆ ಅವಳು ಕೇಳಿದ ಪ್ರಶ್ನೆ ನನಗೆ ಆಗ ನೆನಪಾಯಿತು. ನಾಯಿಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು.

ಆಮೇಲೆ ಅವಳು ಮಾತು ಬಿಡಲಿಲ್ಲ, ತವರಿಗೂ ಹೋಗಲಿಲ್ಲ. ಸಾರಿಗೆ ಉಪ್ಪು ಸಾಕಾ, ಗ್ಯಾಸ್ ಬುಕ್ ಮಾಡಿದ್ರಾ, ಅಷ್ಟು. ಶಾಲೆಯ ಮಕ್ಕಳ ತಮಾಷೆ ಹೇಳುವುದು ನಿಂತುಹೋಯಿತು. ಯಾರನ್ನೂ ದೂರುವ ಹಾಗಿರಲಿಲ್ಲ.

ಅವರೆಕಾಯಿ ಕಾಲ ಬಂತು. ಒಂದು ಮಧ್ಯಾಹ್ನ ಹೆಂಡತಿ ಒಳಗೆ ಇಸ್ತ್ರಿ ಮಾಡುತ್ತಿದ್ದಳು. ಅಮ್ಮ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನು ಬೀರು ತೆಗೆದು ಫೈಲು ತಂದು ಅಮ್ಮನ ಮುಂದೆ ಕೂತೆ. ಏಳು ವರ್ಷ ಬಾಯಲ್ಲಿದ್ದ ಮಾತು ಹೊರಬರಲು ಒಂದು ನಿಮಿಷವೂ ಹಿಡಿಯಲಿಲ್ಲ. ತೊಂದರೆ ನನ್ನದಮ್ಮ, ಅವಳದ್ದಲ್ಲ, ಮೊದಲಿಂದಲೂ ನನ್ನದೇ, ಡಾಕ್ಟರು ಬರೆದುಕೊಟ್ಟಿದ್ದಾರೆ ಎಂದೆ. ಹೇಳುತ್ತ ಅತ್ತುಬಿಟ್ಟೆ.

ಅಮ್ಮನ ಕೈ ನಿಂತಿತು. ನನ್ನನ್ನು ನೋಡಿದಳು. ಫೈಲನ್ನು ಮೊಣಕೈಯಿಂದ ತನ್ನ ಕಡೆ ಎಳೆದುಕೊಂಡು ಮೊದಲ ಪುಟ ತಿರುಗಿಸಿದಳು. ಅಲ್ಲಿ ನನ್ನ ಹೆಂಡತಿಯ ಫೋಟೋ ಇತ್ತು.

"ಇದು ಅವಳ ಫೈಲು ಕಣ್ಲಾ," ಎಂದಳು.

"ಫೈಲು ಅವಳ ಹೆಸ್ರಲ್ಲಿ ಮಾಡ್ತಾರಮ್ಮ. ಒಳಗೆ ನೋಡು, ನಂದೂ ಇದೆ."

ಒಳಗಿದ್ದದ್ದು ಇಂಗ್ಲಿಷು. ಅಮ್ಮ ನೋಡಲಿಲ್ಲ. ಅವರೆಯ ಸೊಗಡು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕೆನ್ನೆ ಸವರಿದಳು. ಅವಳ ಕಣ್ಣಲ್ಲೂ ನೀರಿತ್ತು.

"ನಿಮ್ಮಪ್ಪನಂಗೇ ನೀನು. ಕಟ್ಕೊಂಡೋಳ ಮೇಲೆ ಒಂದು ಮಾತು ಬರ್ಬಾರ್ದು ಅಂತ ತನ್ ತಲೆ ಮೇಲೆ ಎಳ್ಕೋತೀಯಲ್ಲ. ಬುಡು, ನಾನು ಇನ್ಮೇಲೆ ಅವಳಿಗೆ ಏನೂ ಅನ್ನಾಕಿಲ್ಲ."

ಆಣೆ ಮಾಡಿದೆ. ಆಣೆ ಮಾಡಿದಷ್ಟೂ ಅವಳು ನಂಬಿದ್ದು ಗಟ್ಟಿಯಾಯಿತು. ಕೊನೆಗೆ ಒಳಗೆ ಕೇಳುವಂತೆ ಕೂಗಿ ಹೇಳಿದಳು: "ಕೇಳುಸ್ಕೊಂಡೇನವ್ವ? ನಿನಗೋಸ್ಕರ ಏನ್ ಮಾತಾಡ್ತವ್ನೆ ನೋಡು ನನ್ ಮಗ. ಇಂಥ ಗಂಡನ್ನ ಪಡೆಯಾಕೆ ಪುಣ್ಯ ಮಾಡಿದ್ದೆ ಕಣವ್ವ ನೀನು."

ಇಸ್ತ್ರಿಯ ಸದ್ದು ನಿಂತಿತು. ಒಳಗಿನಿಂದ ಅವಳ ಧ್ವನಿ ಬಂತು: "ಹೂಂ ಅತ್ತೆ."

ನಾನು ಒಳಗೆ ಹೋದೆ. ನನ್ನದೇ ಅಂಗಿಯನ್ನು ಮಡಿಸುತ್ತಿದ್ದಳು. ಹೇಳಿದೆ ಕಣೇ, ಎಲ್ಲಾ ಹೇಳಿದೆ, ಅಮ್ಮ ನಂಬ್ತಿಲ್ಲ ಎಂದೆ.

"ಏಳು ವರ್ಷದ ಹಿಂದೆ ಹೇಳಿದ್ರೆ ನಂಬ್ತಿದ್ರು" ಎಂದಳು.

ಈಗ ನೆಂಟರ ಮದುವೆ ಮುಂಜಿಗಳಲ್ಲಿ ಅಮ್ಮ ಈ ಕಥೆ ಹೇಳುತ್ತಾಳೆ. ಕೇಳಿದ ಹೆಂಗಸರು ನನ್ನತ್ತ ಮೆಚ್ಚುಗೆಯಿಂದ ನೋಡುತ್ತಾರೆ. ನನ್ನ ಹೆಂಡತಿಯ ಕೈ ಹಿಡಿದು, ನಿಮ್ಮೆಜಮಾನ್ರು ದೇವ್ರಂಥೋರು ಎನ್ನುತ್ತಾರೆ. ಅವಳು ತಲೆಯಾಡಿಸುತ್ತಾಳೆ. ಹೋದ ತಿಂಗಳು ತಂಗಿಯ ಎರಡನೆಯ ಸೀಮಂತವಿತ್ತು. ಬಳೆ ತೊಡಿಸುವ ಶಾಸ್ತ್ರ ಶುರುವಾಗುವ ಮೊದಲೇ, ಯಾರೂ ಹೇಳದೆ, ಅವಳು ಎದ್ದು ಒಳಗೆ ಹೋಗಿ ಕೋಸಂಬರಿಗೆ ಒಗ್ಗರಣೆ ಹಾಕಿದಳು.